ಕಿವಿ ಬಳಸುವ ವಿಧಾನ: ರಿಸೀವರ್ ಕೊಳ್ಳುವವರಿಗೆ ಒಂದು ಕೈಪಿಡಿ

ಸಾಧನವನ್ನು ಬಳಸುವ ಮುನ್ನ ಓದಿ ಎನ್ನುತ್ತವೆ ಎಲ್ಲ ಕೈಪಿಡಿಗಳು. ಇದನ್ನು ಕೊಳ್ಳುವ ಮುನ್ನವೇ ಓದಬೇಕು. ಇಲ್ಲಿ ಸಾಧನವೆಂದರೆ ಹೋಮ್ ಥಿಯೇಟರ್ ರಿಸೀವರ್ ಅಲ್ಲ, ನಿಮ್ಮ ಎರಡು ಕಿವಿಗಳು. ಅವಕ್ಕೆ ವಾರಂಟಿ ಇಲ್ಲ. ಬಿಡಿಭಾಗ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೂ ಸಿಗುವುದಿಲ್ಲ.

ಸಿದ್ಧತೆ

ನಿಮಗೆ ಬಾಯಿಪಾಠವಾಗಿರುವ ಒಂದು ಸಿನಿಮಾ, ಒಂದು ಹಾಡು ಪೆನ್‌ಡ್ರೈವ್‌ನಲ್ಲಿರಲಿ. ಒಯ್ಯದಿದ್ದರೆ ಅಂಗಡಿಯ ಹುಡುಗ ತನ್ನದನ್ನು ಹಾಕುತ್ತಾನೆ, ಅದರಲ್ಲಿ ತಪ್ಪದೆ ಒಂದು ಹೆಲಿಕಾಪ್ಟರ್ ಇರುತ್ತದೆ. ಅದು ಎದುರಿನಿಂದ ಬಂದು ತಲೆಯ ಮೇಲೆ ಹಾದು ಬೆನ್ನ ಹಿಂದೆ ಕರಗಿದ ಮೇಲೆ "ಹೇಗಿದೆ ಸರ್?" ಎನ್ನುತ್ತಾನೆ. ತಲೆಯಾಡಿಸಬೇಡಿ. ನಿಮ್ಮ ಸೋಫಾದ ಮೇಲೆ ನಿಜವಾದ ಹೆಲಿಕಾಪ್ಟರ್ ಎಂದೂ ಹಾರಿಲ್ಲ, ಆದ್ದರಿಂದ ಇದು ಸರಿಯಾಗಿ ಹಾರಿತೋ ಇಲ್ಲವೋ ಹೇಳುವ ಅರ್ಹತೆ ನಿಮಗಿಲ್ಲ. ಮನುಷ್ಯರ ಮಾತು, ಮೃದಂಗ, ಹೆಂಗಸಿನ ಹಾಡುದನಿ ಹೇಗಿರಬೇಕೆಂದು ಮಾತ್ರ ನಿಮಗೆ ಚೆನ್ನಾಗಿ ಗೊತ್ತು. ಅವನ್ನೇ ಹಾಕಿಸಿ.

ಹಂತ 1: ಸದ್ದನ್ನು ಸಮ ಮಾಡುವುದು

ಎಲ್ಲಕ್ಕಿಂತ ಮುಖ್ಯವಾದ ಹಂತವಿದು, ಯಾರೂ ಮಾಡದ ಹಂತವೂ ಇದೇ. ಎರಡು ರಿಸೀವರುಗಳಲ್ಲಿ ಒಂದರ ಸದ್ದು ಒಂದು ಡೆಸಿಬೆಲ್‌ನಷ್ಟು ಹೆಚ್ಚಿದ್ದರೂ ಸಾಕು, ಕಿವಿ ಅದನ್ನು 'ಜೋರು' ಎನ್ನುವುದಿಲ್ಲ, 'ಚೆಂದ' ಎನ್ನುತ್ತದೆ. ಇದರ ಹಿಂದೆ ಒಂದು ಹಳೆಯ ಸಂಗತಿಯೂ ಇದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಂತೆ, ಸದ್ದು ಸಣ್ಣದಾದಾಗ ನಮ್ಮ ಕಿವಿಗೆ ಬೇಸ್ ಉಳಿದವಕ್ಕಿಂತ ಬೇಗ ಅಡಗುತ್ತದೆ. ಸದ್ದು ಏರಿಸಿದರೆ ಅದು ತಾನಾಗಿ ತುಂಬಿಕೊಳ್ಳುತ್ತದೆ. ದುಬಾರಿ ಪೆಟ್ಟಿಗೆಯ ಸರದಿ ಬಂದಾಗ ರಿಮೋಟಿನ ಮೇಲೆ ಹುಡುಗನ ಹೆಬ್ಬೆರಳು ಎಲ್ಲಿದೆ ಎಂದು ನೋಡುತ್ತಿರಿ.

ಎರಡರಲ್ಲೂ '45' ಎಂದು ತೋರಿಸಿದರೆ ಸಮವಾಯಿತು ಎಂದುಕೊಳ್ಳಬೇಡಿ. ಆ ಅಂಕಿಗೆ ಕಂಪನಿಗಳ ನಡುವೆ ಯಾವ ಒಪ್ಪಂದವೂ ಇಲ್ಲ. ಗಂಭೀರವಾಗಿ ಪರೀಕ್ಷೆ ಮಾಡುವವರು ಒಂದೇ ಟೆಸ್ಟ್ ಟೋನ್ ನುಡಿಸಿ, ಸ್ಪೀಕರ್ ತಂತಿಯ ತುದಿಗೆ ಮಲ್ಟಿಮೀಟರ್ ಹಿಡಿದು 0.1 ಡೆಸಿಬೆಲ್‌ವರೆಗೆ ಹೊಂದಿಸುತ್ತಾರೆ. ಅಂಗಡಿಯಲ್ಲಿ ಮಲ್ಟಿಮೀಟರ್ ತೆಗೆಯಲು ಸಂಕೋಚವಾದರೆ ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿ ಕೂತ ಜಾಗದಲ್ಲೇ ಹಿಡಿಯಿರಿ. ಒರಟು ಅಳತೆಯೇ ಸರಿ, ಹೆಬ್ಬೆರಳಿಗಿಂತ ವಾಸಿ. ಸ್ಪೀಕರುಗಳು ಎರಡಕ್ಕೂ ಅವೇ ಇರಬೇಕು. ಒಂದು 'ಮೂವಿ' ಮೋಡಿನಲ್ಲಿ, ಇನ್ನೊಂದು 'ಸ್ಟೀರಿಯೊ'ದಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹಂತ 2: ಕಣ್ಣು ಕಟ್ಟುವುದು

ಯಾವುದು ನುಡಿಯುತ್ತಿದೆ ಎಂಬುದು ನಿಮಗೆ ತಿಳಿಯಬಾರದು. ಪೆಟ್ಟಿಗೆಗಳಿಗೆ ಬಟ್ಟೆ ಮುಚ್ಚಿಸಿ. ಬೆಲೆಚೀಟಿಯನ್ನೂ ಸೇರಿಸಿ ಮುಚ್ಚಿಸಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದು ಕ್ಷಣಗಳಲ್ಲಿ ಆಗಬೇಕು, ಸದ್ದಿನ ಸೂಕ್ಷ್ಮಗಳು ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ನಡುವೆ ಕಾಫಿ ಕುಡಿದು ಬಂದು ಹೋಲಿಸಿದರೆ ಹೋಲಿಸಿದ್ದು ಕಾಫಿಯನ್ನು.

ಅಮೆರಿಕದ ಕಾರ್ ಆಡಿಯೊ ಪರಿಣತ ರಿಚರ್ಡ್ ಕ್ಲಾರ್ಕ್ 10,000 ಡಾಲರ್ ಪಣ ಒಡ್ಡಿದ್ದರು. ಎರಡು ಆಂಪ್ಲಿಫೈಯರುಗಳ ಸದ್ದು ಸಮ ಮಾಡಿ, ಎರಡನ್ನೂ ಅವುಗಳ ಶಕ್ತಿ ಮೀರದಂತೆ ನುಡಿಸಿದಾಗ ಯಾವುದು ಯಾವುದೆಂದು ಬರಿಯ ಕಿವಿಯಿಂದ ಮತ್ತೆ ಮತ್ತೆ ಸರಿಯಾಗಿ ಹೇಳಿದವರಿಗೆ ಆ ಹಣ. ವರ್ಷಗಟ್ಟಲೆ ಜನ ಬಂದು ಕೂತರು. ಹಣ ಕ್ಲಾರ್ಕ್ ಬಳಿಯೇ ಉಳಿಯಿತು. ಅಂಗಡಿಯಲ್ಲಿ ಈ ಕತೆ ಹೇಳಬೇಡಿ, ರಿಯಾಯಿತಿ ತಪ್ಪುತ್ತದೆ.

ಹಂತ 3: ಸಣ್ಣ ಅಕ್ಷರ ಓದುವುದು

1990ರ ದಶಕದಲ್ಲಿ ಟೇಪ್‌ರೆಕಾರ್ಡರ್ ಕೊಂಡವರಿಗೆ ಪಿ.ಎಂ.ಪಿ.ಒ. ವಾಟ್ ನೆನಪಿರಬಹುದು, ಒಂದು ಕೈಯಲ್ಲಿ ಎತ್ತುವ ಪೆಟ್ಟಿಗೆಗೂ ಸಾವಿರದ ಲೆಕ್ಕ. ಈಗಿನವರು ಸುಳ್ಳು ಹೇಳುವುದಿಲ್ಲ, ಅಡಿಟಿಪ್ಪಣಿ ಹಾಕುತ್ತಾರೆ. 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್, ಶೇ 10 ಡಿಸ್ಟಾರ್ಶನ್: ಹೀಗಿದ್ದರೆ ಅದು ಮೆರವಣಿಗೆಯ ಅಂಕಿ. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್, ಡಿಸ್ಟಾರ್ಶನ್ ಶೇ 0.1ಕ್ಕಿಂತ ಕಡಿಮೆ: ಇದು ದುಡಿಯುವ ಅಂಕಿ. 50 ವಾಟ್‌ನಿಂದ 100ಕ್ಕೆ ಏರಿದರೆ ಸಿಗುವುದು ಬರೇ 3 ಡೆಸಿಬೆಲ್ ಎಂಬುದೂ ಲೆಕ್ಕದಲ್ಲಿರಲಿ.

ಹಂತ 4: ಮನೆಗೆ ತಂದ ಮೇಲೆ

ಅಂಗಡಿಯ ಡೆಮೊ ರೂಮಿನಲ್ಲಿ ಕಾರ್ಪೆಟ್ಟು, ದಪ್ಪ ಪರದೆ. ನಿಮ್ಮ ಹಾಲಿನಲ್ಲಿ ವಿಟ್ರಿಫೈಡ್ ಟೈಲ್ಸು, ಗಾಜಿನ ಕಿಟಕಿ, ಷೋಕೇಸು. 40 ಹರ್ಟ್ಸ್ ಬೇಸ್‌ನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್; ಎಷ್ಟೋ ಫ್ಲ್ಯಾಟುಗಳ ಹಾಲೇ ಅಷ್ಟುದ್ದ ಇರುವುದಿಲ್ಲ. ಅಲೆ ಗೋಡೆಗೆ ಬಡಿದು ಮರಳಿ, ಒಂದು ಕಡೆ ಗುಂಯ್‌ಗುಟ್ಟಿ ಇನ್ನೊಂದು ಕಡೆ ಇಲ್ಲವಾಗುತ್ತದೆ. ಸೋಫಾವನ್ನು ಎರಡು ಅಡಿ ಸರಿಸಿದರೆ ಆಗುವ ಬದಲಾವಣೆ, ಹೆಚ್ಚಿನ ಮನೆಗಳಲ್ಲಿ, ರಿಸೀವರ್ ಬದಲಿಸಿದರೆ ಆಗುವುದಿಲ್ಲ. ಸೋಫಾ ಸರಿಸಲು ಮನೆಯೊಡತಿಯ ಅನುಮತಿ ಬೇಕು. ಆ ಹಂತ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಕೋಣೆಯ ಈ ಕಾಟಕ್ಕೆಂದೇ ರಿಸೀವರಿನ ಜೊತೆ ಒಂದು ಪುಟ್ಟ ಮೈಕ್ ಇಟ್ಟಿರುತ್ತಾರೆ. ಆಡಿಸ್ಸಿ, ವೈ.ಪಿ.ಎ.ಒ., ಡಿರಾಕ್ ಎಂಬ ಹೆಸರಿನ ತಂತ್ರಗಳು ಅದರಿಂದ ಕೋಣೆಯನ್ನು ಅಳೆದು ಸದ್ದು ತಿದ್ದುತ್ತವೆ. ರಿಸೀವರುಗಳ ನಡುವೆ ನಿಜವಾಗಿ ಕೇಳಿಸುವ ವ್ಯತ್ಯಾಸ ಹೆಚ್ಚಾಗಿ ಇಲ್ಲೇ. ಮೈಕನ್ನು ಸೋಫಾದ ಮೇಲೆ ಮಲಗಿಸದೆ, ಕೂತವರ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡಿ. ಫ್ಯಾನ್ ಆರಿಸಿ. ಅಳತೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಮಾತಾಡಬಾರದು, ಕುಕ್ಕರ್ ಕೂಗಬಾರದು, "ರೀ, ಇನ್ನೂ ಎಷ್ಟೊತ್ತು?" ಎಂಬ ಪ್ರಶ್ನೆ ಅಡುಗೆಮನೆಯಿಂದ ಬರಬಾರದು. ಬಂದರೆ ಮೊದಲಿಂದ ಶುರು ಮಾಡಿ.

ದೋಷ ನಿವಾರಣೆ

ಎರಡೂ ರಿಸೀವರುಗಳು ಒಂದೇ ಥರ ಕೇಳಿಸುತ್ತಿವೆ: ಇದು ದೋಷವಲ್ಲ. ಅಗ್ಗದ್ದನ್ನು ಕೊಳ್ಳಿ.

ಮಾತು ಸ್ಪಷ್ಟವಿಲ್ಲ, ಬಾಂಬು ಮಾತ್ರ ಸ್ಪಷ್ಟ: ಸೆಂಟರ್ ಸ್ಪೀಕರನ್ನು ಟಿ.ವಿ. ಸ್ಟ್ಯಾಂಡಿನ ಒಳಗೂಡಿನಿಂದ ಈಚೆಗೆ ತನ್ನಿ.

ದೊಡ್ಡ ಹಾಲು, 4 ಓಮ್ ಸ್ಪೀಕರು, ಜೋರಾಗಿ ಕೇಳುವ ಚಟ: ಈ ಮೂರೂ ಕೂಡಿದರೆ ಮಾತ್ರ ದುಬಾರಿ ರಿಸೀವರಿನ ಭಾರದ ಟ್ರಾನ್ಸ್‌ಫಾರ್ಮರಿಗೆ ಕೆಲಸವಿದೆ.

ಉಳಿದವರ ಹಣದ ದೊಡ್ಡ ಪಾಲು ಸ್ಪೀಕರಿಗೂ ಸಬ್‌ವೂಫರಿಗೂ ಹೋಗಲಿ. ರಿಸೀವರನ್ನು ಕೊಳ್ಳುವಾಗ ಮುಖ ನೋಡಬೇಡಿ, ತಿರುಗಿಸಿ ಬೆನ್ನು ನೋಡಿ: ನಿಮಗೆ ಬೇಕಾದಷ್ಟು ಎಚ್‌ಡಿಎಂಐ ಕಿಂಡಿಗಳಿವೆಯೇ, ಪ್ರೀ-ಔಟ್ ಇದೆಯೇ, ನಿಮ್ಮೂರಲ್ಲಿ ಸರ್ವಿಸ್ ಸೆಂಟರ್ ಇದೆಯೇ ವಿಚಾರಿಸಿ. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುತ್ತೇನೆಂದರೆ ಒಪ್ಪಬೇಡಿ. ಬಿಲ್ ಇಲ್ಲದ ರಿಸೀವರ್ ಕೆಟ್ಟರೆ ಕಂಪನಿ ಅದನ್ನು ಮುಟ್ಟುವುದಿಲ್ಲ.