ಮಂದಗಾಮಿಲೋಪ ಮೀಮಾಂಸೆ: ಸೂತ್ರ–ಭಾಷ್ಯ ಸಹಿತ

ಪ್ರಥಮ ಸೂತ್ರ: ಮಂದಗಾಮಿ ತಾನಾಗಿ ಹುಟ್ಟುವುದಿಲ್ಲ, ಪಕ್ಕದಲ್ಲೊಬ್ಬ ತೀವ್ರಗಾಮಿ ಎದ್ದು ನಿಂತಾಗ ಕಾಣಿಸಿಕೊಳ್ಳುತ್ತಾನೆ.

ಭಾಷ್ಯ: ಸುರೇಂದ್ರನಾಥ ಬ್ಯಾನರ್ಜಿ 1883ರಲ್ಲೇ ನ್ಯಾಯಾಲಯ ನಿಂದನೆಗಾಗಿ ಜೈಲು ಕಂಡವರು, 1905ರ ಬಂಗಾಳ ವಿಭಜನೆಯ ವಿರುದ್ಧ ಗುಡುಗಿದವರು. ಅಂಥವರೂ 1907ರ ಡಿಸೆಂಬರ್‌ನಲ್ಲಿ, ಸೂರತ್ ಕಾಂಗ್ರೆಸ್ಸಿನ ವೇದಿಕೆಯ ಮೇಲೆ, ಮಂದಗಾಮಿಯೆಂದು ಸಿದ್ಧರಾದರು. ಪ್ರಮಾಣವೇನು? ಚಪ್ಪಲಿ. ರಾಸ್‌ಬಿಹಾರಿ ಘೋಷರನ್ನು ಅಧ್ಯಕ್ಷರನ್ನಾಗಿಸುವ ಹೊತ್ತಿಗೆ ತೀವ್ರಗಾಮಿಗಳ ನಾಯಕ ತಿಲಕರು ತಿದ್ದುಪಡಿ ಮಂಡಿಸುತ್ತೇನೆಂದು ವೇದಿಕೆ ಹತ್ತಿದರು, ಇಳಿಯಲೊಲ್ಲೆನೆಂದು ನಿಂತರು. ಗದ್ದಲದ ನಡುವೆ ಹಾರಿಬಂದ ಮರಾಠಿ ಜೋಡೊಂದು ಬ್ಯಾನರ್ಜಿಯವರ ಕೆನ್ನೆಗೆ ಬಡಿದು, ಅಲ್ಲಿಂದ ಪುಟಿದು ಫಿರೋಜ್‌ಷಾ ಮೆಹ್ತಾರನ್ನೂ ಮುಟ್ಟಿತು. ಒಂದೇ ಪಾದರಕ್ಷೆಯಿಂದ ಇಬ್ಬರ ಸೈದ್ಧಾಂತಿಕ ನಿಲುವು ನಿರ್ಣಯವಾದದ್ದು ತರ್ಕಲಾಘವಕ್ಕೆ ಉತ್ತಮ ನಿದರ್ಶನ. ಆಮೇಲೆ ಕುರ್ಚಿಗಳೂ ವಾದಕ್ಕಿಳಿದವು.

ದ್ವಿತೀಯ ಸೂತ್ರ: ಹೊರಹಾಕಿದವನೇ ಕಡೆಗೆ ಹೊರಗುಳಿಯುತ್ತಾನೆ.

ಭಾಷ್ಯ: 1908ರಲ್ಲಿ ಅಲಹಾಬಾದಿನಲ್ಲಿ ಸೇರಿದ ಮಂದಗಾಮಿಗಳು ಹೊಸ ನಿಯಮಾವಳಿ ಬರೆದು ತೀವ್ರಗಾಮಿಗಳಿಗೆ ಬಾಗಿಲು ಹಾಕಿದರು. ಅದೇ ವರ್ಷ ಸರ್ಕಾರ ತಿಲಕರನ್ನು ಮಂಡಾಲೆಯ ಜೈಲಿಗೆ ಕಳಿಸಿತು. ಕಾಂಗ್ರೆಸ್ಸಿನಲ್ಲಿ ಶಾಂತಿಯೋ ಶಾಂತಿ. ಆದರೆ 1915ರಲ್ಲಿ ಮಂದಗಾಮಿಗಳ ಮುಂದಾಳುಗಳಾದ ಗೋಖಲೆ, ಮೆಹ್ತಾ ಇಬ್ಬರೂ ತೀರಿಕೊಂಡರು. 1916ರ ಏಪ್ರಿಲ್‌ನಲ್ಲಿ ತಿಲಕರು ನಮ್ಮ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಕಟ್ಟಿದರು; ವರ್ಷ ಮುಗಿಯುವಷ್ಟರಲ್ಲಿ ಕಾಂಗ್ರೆಸ್ಸಿನ ಲಖನೌ ಅಧಿವೇಶನದಲ್ಲಿದ್ದರು. 1918ರಲ್ಲಿ ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆ ಸಾಕೋ ಸಾಲದೋ ಎಂಬ ಜಗಳ ಹುಟ್ಟಿದಾಗ ಎದ್ದುಹೋದವರು ಮಂದಗಾಮಿಗಳು. ಅವರು ಕಟ್ಟಿಕೊಂಡ ಲಿಬರಲ್ ಫೆಡರೇಶನ್ನಿನ ಮೊದಲ ಅಧಿವೇಶನಕ್ಕೆ ಬ್ಯಾನರ್ಜಿಯವರೇ ಅಧ್ಯಕ್ಷರು.

ಪೂರ್ವಪಕ್ಷ: ಹಾಗಾದರೆ ಬದಲಾದವರು ಅವರೇ ಅಲ್ಲವೇ?

ಸಿದ್ಧಾಂತ: ಅಲ್ಲ. ಸಾಮ್ರಾಜ್ಯದೊಳಗಿನ ಸ್ವಯಮಾಡಳಿತ, ಅದೂ ಕಾನೂನಿನ ದಾರಿಯಲ್ಲಿ ಎಂದು 1908ರಲ್ಲಿ ಬರೆದುಕೊಂಡಿದ್ದನ್ನೇ ಅವರು ಜಪಿಸುತ್ತಿದ್ದರು. ಆ ಸಾಲನ್ನೇ 1920ರ ನಾಗಪುರ ಅಧಿವೇಶನ ಕಿತ್ತುಹಾಕಿತು. ಕೂತವರು ಕೂತಲ್ಲೇ ಇದ್ದರು, ಜಮಖಾನ ಎಳೆದುಕೊಂಡು ಹೋದವರು ಬೇರೆ. ಅಲ್ಲಿಯೇ ‘ಮಿಸ್ಟರ್ ಗಾಂಧಿ’ ಎಂದದ್ದಕ್ಕೆ ಸಭೆಯಿಂದ ಕೂಗು ತಿಂದ ಜಿನ್ನಾ ಕೂಡ ಕಾಂಗ್ರೆಸ್ ಬಿಟ್ಟರು. ನಾಲ್ಕು ವರ್ಷದ ಹಿಂದೆ ಕಾಂಗ್ರೆಸ್ಸಿಗೂ ಮುಸ್ಲಿಂ ಲೀಗಿಗೂ ನಡುವಿನ ಲಖನೌ ಒಪ್ಪಂದಕ್ಕೆ ಓಡಾಡಿದವರು ಅವರೇ.

ತೃತೀಯ ಸೂತ್ರ: ತೀವ್ರಗಾಮಿತ್ವ ಅನಿತ್ಯ.

ಭಾಷ್ಯ: 1923ರ ಬಂಗಾಳ ಶಾಸನಸಭೆ ಚುನಾವಣೆಯಲ್ಲಿ ಮಂತ್ರಿ ಸರ್ ಸುರೇಂದ್ರನಾಥರನ್ನು ರಾಜಕೀಯಕ್ಕೆ ಹೊಸಬರಾದ ವೈದ್ಯ ಬಿಧಾನ್ ಚಂದ್ರ ರಾಯ್ ಸೋಲಿಸಿದರು. ರಾಯ್ ಬೆನ್ನಿಗಿದ್ದದ್ದು ಚಿತ್ತರಂಜನ್ ದಾಸರ ಸ್ವರಾಜ್ಯ ಪಕ್ಷ. ಶಾಸನಸಭೆಗಳನ್ನು ಬಹಿಷ್ಕರಿಸದೆ ಒಳಹೊಕ್ಕು ಹೋರಾಡೋಣ ಎಂದದ್ದಕ್ಕೆ ಆ ಪಕ್ಷವನ್ನು ಗಾಂಧೀಜಿಯ ಕಟ್ಟಾ ಅನುಯಾಯಿಗಳು ಆಗಲೇ ಮಂದಗಾಮಿಗಳ ಪಟ್ಟಿಗೆ ಸೇರಿಸಲು ಶುರುಮಾಡಿದ್ದರು.