ಹಾಡುವವನೇ ಊದಿದರೆ ಒಂದು ತಲೆ ಉಳಿತಾಯ

ಸ್ಯಾಕ್ಸೊಫೋನ್ ಊದಿ, ನಡುನಡುವೆ ಮೈಕು ಹಿಡಿದು ನಾಲ್ಕು ಹಾಡು ಹೇಳಿ ಹೊಟ್ಟೆ ಹೊರೆಯುತ್ತೇನೆ ಎನ್ನುವ ಹುಡುಗ ನಿಮ್ಮ ಮನೆಯಲ್ಲಿದ್ದರೆ, ಸರಿಗಮಕ್ಕಿಂತ ಮೊದಲು ಅವನಿಗೆ ಹೋಟೆಲುಗಳ ನಕ್ಷತ್ರ ಎಣಿಸಲು ಕಲಿಸಿ. ಮುಂಬಯಿ ಸುತ್ತಲಿನ ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ, ಪನ್ವೇಲ್ ಕಡೆ ಕಲಾವಿದನ ಜಾತಕ ಬರೆಯುವುದು ಆ ನಕ್ಷತ್ರಗಳೇ.

2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡಾನ್ಸ್ ಬಾರುಗಳಿಗೆ ಬೀಗ ಜಡಿಯಿತು. ಗೃಹ ಖಾತೆ ಆರ್.ಆರ್. ಪಾಟೀಲರ ಕೈಯಲ್ಲಿತ್ತು, ಯುವಜನರ ಶೀಲ ಅಪಾಯದಲ್ಲಿತ್ತು. ಆದರೆ ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ವಿನಾಯಿತಿ. ಶೀಲ ಕೆಡುವುದು ಎರಡನೇ ನಕ್ಷತ್ರದವರೆಗೆ ಮಾತ್ರ, ಮೂರನೆಯದು ಹೊಳೆದೊಡನೆ ಅದೇ ಕುಣಿತ ಪ್ರವಾಸೋದ್ಯಮ! ಇದು ತಾರತಮ್ಯವೆಂದು 2006ರಲ್ಲಿ ಹೈಕೋರ್ಟು, 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದವು. ಸರ್ಕಾರ ಮಾತು ಕೇಳಿತು. 2014ರಲ್ಲಿ ನಕ್ಷತ್ರದವರನ್ನೂ ಸೇರಿಸಿಯೇ ನಿಷೇಧಿಸಿ ಸಮಾನತೆ ತಂದಿತು. ಅದಕ್ಕೂ ಮರುವರ್ಷ ತಡೆ ಬಿತ್ತು ಅನ್ನಿ.

ನಕ್ಷತ್ರಬಲ ಇದ್ದವರ ಕಥೆಯೇ ಬೇರೆ. 1935ರಲ್ಲಿ ಲಿಯೋನ್ ಆಬಿ ಎಂಬ ಅಮೆರಿಕದ ಕರಿಯ ಸಂಗೀತಗಾರ ತನ್ನ ಬ್ಯಾಂಡು ಕಟ್ಟಿಕೊಂಡು ಮುಂಬಯಿಯ ತಾಜ್ ಹೋಟೆಲಿಗೆ ಬಂದ. 1939ರಿಂದ ಎರಡು ದಶಕ ಅಲ್ಲಿ ಮಿಕಿ ಕೊರೆಯಾ ಸ್ಯಾಕ್ಸೊಫೋನ್ ಹಿಡಿದು ಬ್ಯಾಂಡು ನಡೆಸಿದ. ಕೆಳಗೆ ಜೋಡಿಗಳು ಅಪ್ಪಿಕೊಂಡು ಕುಣಿಯುತ್ತಿದ್ದವು, ಗ್ಲಾಸುಗಳು ತುಂಬುತ್ತಿದ್ದವು. ಯಾರ ಶೀಲಕ್ಕೂ ನೆಗಡಿ ಕೂಡ ಆಗಲಿಲ್ಲ. 1949ರ ಪಾನನಿರೋಧ ಕಾಯ್ದೆ ಬಂದು ಗ್ಲಾಸು ಬರಿದಾದಾಗ ಊದುವವರ ಸಂಪಾದನೆಗೂ ಕುತ್ತು ಬಂತು. ಗೋವಾದ ವಾದಕರು ಸಿನಿಮಾ ಸ್ಟುಡಿಯೋಗಳಿಗೆ ನುಗ್ಗಿದರು. ಅವರು ಊದಿದ್ದನ್ನು ದೇಶವೆಲ್ಲ ಗುನುಗಿತು, ಪರದೆಯ ಮೇಲೆ ಹೆಸರು ಮಾತ್ರ ಬರಲಿಲ್ಲ. ಈಗ ಆ ಡಾನ್ಸ್ ಬ್ಯಾಂಡುಗಳೆಲ್ಲ ಪರಂಪರೆ. ದಪ್ಪ ಕಾಗದದ ಪುಸ್ತಕಗಳಲ್ಲಿ ಕಪ್ಪು-ಬಿಳುಪು ಫೋಟೋ ಆಗಿ ಕೂತಿವೆ. ಕಲಾವಿದ ಸತ್ತು, ಹೋಟೆಲು ಐಷಾರಾಮಿಯಾಗಿ ಉಳಿದರೆ ಪರಂಪರೆ ತಾನಾಗಿ ಹುಟ್ಟುತ್ತದೆ.

ನಮ್ಮವರೇನು ಕಡಿಮೆಯೇ? ಕದ್ರಿ ಗೋಪಾಲನಾಥರ ಹೆಸರೆತ್ತಿದರೆ ಇಲ್ಲಿನ ಕನ್ನಡಿಗರು, ತುಳುವರು ಎದೆಯುಬ್ಬಿಸುತ್ತೇವೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ವಾದಕ ತನಿಯಪ್ಪನವರ ಮಗ. 1980ರಲ್ಲಿ ಇದೇ ಮುಂಬಯಿಯ ಜಾಝ್ ಉತ್ಸವದಲ್ಲಿ ಇವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ನಿಮ್ಮ ಜತೆ ನುಡಿಸಲೇ ಎಂದು ತಾನಾಗಿ ಕೇಳಿದ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, 2004ರಲ್ಲಿ ಪದ್ಮಶ್ರೀ. ಅವರು ನಮಗೆ ಸ್ಯಾಕ್ಸೊಫೋನ್ ಚಕ್ರವರ್ತಿ. ಆದರೆ ಅದೇ ವಾದ್ಯ ಹಿಡಿದು ಊರಿನಿಂದ ಬಂದವನು ಡೊಂಬಿವಲಿಯ ಮದುವೆ ಹಾಲಿನಲ್ಲಿ ಧಾರೆಯ ಹೊತ್ತಿಗೆ ಕೆನ್ನೆಯುಬ್ಬಿಸಿ ಊದಿದರೆ ಅವನು 'ವಾಲಗದವ'. ಡೀಜೆಗೆ ಮುಂಗಡ ಕೊಟ್ಟ ಕೈ ಇವನ ಮುಂದೆ ಚೌಕಾಸಿಗೆ ಇಳಿಯುತ್ತದೆ. ಊಟ ಕೊನೇ ಪಂಕ್ತಿಗೆ, ಪಾಯಸ ಉಳಿದಿದ್ದರೆ.

ಹಾಗಾಗಿ ಅವನು ಸಂಜೆ ಶೀಳ್‌ಫಾಟಾ ಕಡೆಯ, ಕುಣಿತದ ಬದಲು ಹಾಡು ನಡೆಯುವ ಆರ್ಕೆಸ್ಟ್ರಾ ಬಾರಿಗೆ ಹೊರಡುತ್ತಾನೆ. ಆಫೀಸು ಮುಗಿಸಿದ ಲೋಕಲ್ ಜನವೆಲ್ಲ ಡೊಂಬಿವಲಿಯಲ್ಲಿ ಇಳಿದು ಮನೆಗೆ ಓಡುವಾಗ ಇವನು ವಾದ್ಯದ ಡಬ್ಬಿ ತಬ್ಬಿಕೊಂಡು ರಿಕ್ಷಾ ಹತ್ತುತ್ತಾನೆ. ಒಣ ರೀಡು ಕೀಚುಗುಟ್ಟುತ್ತದೆಂದು ಅದನ್ನು ದಾರಿಯಲ್ಲೇ ಬಾಯಲ್ಲಿಟ್ಟು ನೆನೆಸುತ್ತಾನೆ. ರಿಕ್ಷಾದವನು ಇಪ್ಪತ್ತು ಹೆಚ್ಚು ಕೇಳಿದರೆ ಬಾಯಿ ತೆರೆಯುವಂತಿಲ್ಲ. ಬಾರಿನ ಧಣಿ ಅನೇಕ ಕಡೆ ನಮ್ಮೂರಿನವರೇ. ಸಂಘದ ವೇದಿಕೆಯಲ್ಲಿ ಕಲೆ ಉಳಿಯಬೇಕೆಂದು ಭಾಷಣ ಮಾಡುವವರು, ಗಲ್ಲಾದಲ್ಲಿ ಕೂತರೆ ಹಾಡಿನ ನಡುವೆಯೇ 'ಸಾಕು ಮಾರಾಯ, ಗಿರಾಕಿ ಬೇರೆ ಹಾಡು ಕೇಳ್ತಿದ್ದಾನೆ' ಎನ್ನುವವರು.

ಈ ಕಸುಬಿನ ನಿಜವಾದ ತಾಳ ಇರುವುದು ಪೊಲೀಸರ ಪರವಾನಗಿಯಲ್ಲಿ. ಆರ್ಕೆಸ್ಟ್ರಾ ಬಾರಿನ ವೇದಿಕೆ ಮೇಲೆ ಗಂಡಸರು ನಾಲ್ಕು, ಹೆಂಗಸರು ನಾಲ್ಕು ಎಂಬ ಷರತ್ತಿತ್ತು. ಕೀಬೋರ್ಡು, ಡ್ರಮ್ಸು, ಗಿಟಾರು, ಗಾಯಕ ಆಗುವಾಗ ಗಂಡಸರ ಕೋಟಾ ಖಾಲಿ. ಸ್ಯಾಕ್ಸೊಫೋನಿನವನು ಐದನೆಯವನು, ಅಂದರೆ ಕಾನೂನಿನ ಕಣ್ಣಲ್ಲಿ ಅಪಸ್ವರ. ತಾಜ್‌ನ ಹಳೇ ಬ್ಯಾಂಡು ಶೀಳ್‌ಫಾಟಾಕ್ಕೆ ಬಂದಿದ್ದರೆ ಮೊದಲ ಹಾಡಿಗೇ ಅರ್ಧ ಜನ ಠಾಣೆಯಲ್ಲಿರುತ್ತಿದ್ದರು. ನಾನು ಹೇಳಿದ್ದು ಠಾಣೆ ಜಿಲ್ಲೆಯಲ್ಲ, ಪೊಲೀಸರ ಠಾಣೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಈ ಗಂಡು-ಹೆಣ್ಣು ಲೆಕ್ಕ ಸಂವಿಧಾನಕ್ಕೆ ಒಪ್ಪದು ಎಂದು ತೆಗೆದುಹಾಕಿತು. ಯಾರು ಎಷ್ಟೇ ಇರಲಿ, ಒಟ್ಟು ಎಂಟು ಎಂಬ ಮಿತಿ ಉಳಿಯಿತು.

ಧಣಿಗಳು ಆ ತೀರ್ಪನ್ನು ಕೂಡಲೇ ಅರ್ಥ ಮಾಡಿಕೊಂಡಿರಬೇಕು. ಎಂಟರಲ್ಲಿ ಒಬ್ಬ ಹಾಡಲಿಕ್ಕೆ, ಒಬ್ಬ ಊದಲಿಕ್ಕೆ ಯಾಕೆ? ಹಾಡುವವನೇ ಊದಿದರೆ ಒಂದು ತಲೆ ಉಳಿಯಿತು. ಎರಡೂ ಬಲ್ಲ ಹುಡುಗ ಸಿಕ್ಕರೆ ಬಿಡಬಾರದು. ಬಾಯಿ ಹೇಗೂ ಒಂದೇ, ಸಂಬಳವೂ ಒಂದೇ ಕೊಟ್ಟರಾಯಿತು.