ಅನ್ನದ ಪಾತ್ರೆಯ ಮುಚ್ಚಳ: ಒಂದು ಬಹಿರಂಗ ಪತ್ರ

ಕನ್ನಡದ ಮನರಂಜನಾ ವಾಹಿನಿಗಳಲ್ಲಿ ಧಾರಾವಾಹಿಯ ಸಂಚಿಕೆ ನೋಡಿ ಒಪ್ಪಿಗೆ ಕೊಡುವ ಎಲ್ಲರಿಗೂ,

ನಾನು ಸಂಕಲನಕಾರ, ನಮ್ಮ ನಿಮ್ಮ ದಿನದ ಮಾತಿನಲ್ಲಿ ಎಡಿಟರ್. ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿರುವ ನಮ್ಮ ಮನೆಯ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಂದು ಕಡೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಒಳಗೆ ಅವ್ವ ಟಿವಿ ಹಾಕಿಕೊಂಡು ಕೂತಿದ್ದಾಳೆ. ನಾನು ಬೆಂಗಳೂರಿನ ಕತ್ತಲೆ ಕೋಣೆಯಲ್ಲಿ ಕತ್ತರಿಸಿ ಜೋಡಿಸಿದ್ದನ್ನು ಅವಳು ಇಲ್ಲಿ ದಿನಾ ಸಂಜೆ ನೋಡುತ್ತಾಳೆ. 22 ವರ್ಷದಿಂದ ನನ್ನ ಕೆಲಸ ಇದೇ.

ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಒಂದು. ಸಂಚಿಕೆ ಸಿದ್ಧವಾಗುವುದಕ್ಕೂ ಅದು ಪ್ರಸಾರವಾಗುವುದಕ್ಕೂ ನಡುವೆ ಒಂದು ರಾತ್ರಿ ಬಿಡಿ. ಯಾಕೆ ಎಂದು ಹೇಳಬೇಕಾದರೆ ಒಂದು ಶಾಟ್‌ನಿಂದಲೇ ಶುರು ಮಾಡಬೇಕು.

ಮಗಳು ಜಗಳವಾಡಿಕೊಂಡು ಮನೆ ಬಿಟ್ಟು ಹೋಗುತ್ತಾಳೆ. ತಾಯಿ ಅಡುಗೆಮನೆಗೆ ಬರುತ್ತಾಳೆ. ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ. ಹಬೆ ಮುಖಕ್ಕೆ ಬಡಿಯುತ್ತದೆ. ಒಂದು ಗಳಿಗೆ ಅನ್ನವನ್ನೇ ನೋಡಿ ಮುಚ್ಚಳವನ್ನು ಮತ್ತೆ ಇಡುತ್ತಾಳೆ, ಸದ್ದಾಗದ ಹಾಗೆ. ಸೌಟು ಮುಟ್ಟುವುದಿಲ್ಲ. ಒಂದು ಮಾತೂ ಇಲ್ಲ. ಸೀನ್ ಪೇಪರಿನಲ್ಲಿ ಇದು ಇರಲೇ ಇಲ್ಲ. ನಿರ್ದೇಶಕರು ಕಟ್ ಹೇಳುವುದು ಸ್ವಲ್ಪ ತಡವಾಯಿತು, ಆ ಹಿರಿಯ ಕಲಾವಿದೆ ಪಾತ್ರ ಬಿಡದೆ ತಾವಾಗಿಯೇ ಮಾಡಿದ್ದು ಅದು. ರಷಸ್, ಅಂದರೆ ಇನ್ನೂ ಕತ್ತರಿಸದ ದೃಶ್ಯಗಳನ್ನು, ನೋಡುವಾಗ ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಅಳೆದರೆ 4 ಸೆಕೆಂಡು 9 ಫ್ರೇಮು. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ ಒಟ್ಟು 109. ಅಷ್ಟನ್ನೂ ಉಳಿಸಿಕೊಂಡೆ, ಹಿನ್ನೆಲೆ ಸಂಗೀತ ಬೇಡವೆಂದು ಬರೆದಿಟ್ಟೆ.

ಸಂಜೆ ನಾಲ್ಕೂವರೆಗೆ ಪ್ರಿವ್ಯೂ ಆಯಿತು. ಆರು ಗಂಟೆಯೊಳಗೆ ಫೈಲ್ ಹೋಗಬೇಕು, ಏಳೂವರೆಗೆ ಪ್ರಸಾರ. ವಾಹಿನಿಯಿಂದ ಬಂದ ತಿದ್ದುಪಡಿಗಳಲ್ಲಿ ಒಂದು ಹೀಗಿತ್ತು: ಅಡುಗೆಮನೆ ಶಾಟ್ ಡಲ್, ತೆಗೆದು ಸೊಸೆಯ ರಿಯಾಕ್ಷನ್ ಮೂರು ಸಲ ಹಾಕಿ. ತೆಗೆದೆ. ಮೂರು ಕ್ಲೋಸಪ್, ಮೂರು ಜೂಮ್, ಮೂರು ಸಿಡಿಲಿನ ಸದ್ದು. ಫೈಲ್ ಹೋಯಿತು.

ರಾತ್ರಿ ಅವ್ವ ಫೋನ್ ಮಾಡಿದಳು. ಊಟ ಆಯ್ತಾ ಎಂದು ನನ್ನನ್ನು ಕೇಳಿ, ಆಮೇಲೆ ಕೇಳಿದಳು: "ಅಲ್ಲ ಕಣಪ್ಪ, ಆ ಯಮ್ಮ ಉಂಡ್ಲಾ?"

ಅವಳು ಆ ಶಾಟ್ ನೋಡಿರಲಿಲ್ಲ. ಅಂಥದ್ದೊಂದು ಇತ್ತು ಎಂಬುದೂ ಅವಳಿಗೆ ಗೊತ್ತಿಲ್ಲ. ಆದರೂ ಅದು ಇರಬೇಕಾಗಿದ್ದ ಜಾಗಕ್ಕೇ ಬಂದು ನಿಂತಳು. ಮಗಳು ಮನೆ ಬಿಟ್ಟು ಹೋದ ರಾತ್ರಿ ತಾಯಿ ಉಂಡಳೋ ಇಲ್ಲವೋ ಎಂಬುದು ಸೋಂಪುರದ ಹೆಂಗಸಿಗೆ ಕಥೆಯ ನಡುಮನೆ. ನಾವು ಅವಳಿಗೆ ಕೊಟ್ಟದ್ದು ಸಿಡಿಲು.

ಪ್ರೇಕ್ಷಕರಿಗೆ ಸೂಕ್ಷ್ಮ ತಿಳಿಯುವುದಿಲ್ಲ, ಎಲ್ಲವನ್ನೂ ಒತ್ತಿ ಹೇಳಬೇಕು ಎಂದು ನಿಮ್ಮ ಸಭೆಗಳಲ್ಲಿ ಕೇಳಿದ್ದೇನೆ. ಒಪ್ಪಲಾರೆ. ಸುಮಾರು 100 ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದನಂತೆ. ಮುಖ ಬದಲಾಗಿರಲಿಲ್ಲ, ಜನ ಮಾತ್ರ ಒಂದರಲ್ಲಿ ಹಸಿವನ್ನೂ ಇನ್ನೊಂದರಲ್ಲಿ ದುಃಖವನ್ನೂ ಕಂಡರು. ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಅರ್ಥ ಹುಟ್ಟಿಸುವವರು ನೋಡುವವರೇ. ಸಂಕಲನ ಕಲಿಯುವವರಿಗೆಲ್ಲ ಇದು ಮೊದಲ ಪಾಠ. ಒಂದು ಮುಖ, ಒಂದು ಅನ್ನದ ಪಾತ್ರೆ ಕೊಟ್ಟರೆ ಸಾಕು, ಉಳಿದದ್ದನ್ನು ಅವ್ವ ತಾನೇ ತುಂಬಿಕೊಳ್ಳುತ್ತಾಳೆ.

ನಮ್ಮ ಕೋಣೆಯ ಕೆಲಸ ಏನು ಎಂದು ಹೊರಗಿನವರಿಗೆ ತಿಳಿಯುವುದು ಕಡಿಮೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ನಮ್ಮ ಪಾಲಿಗೆ ಉಳಿಯುವುದು ಹೆಚ್ಚುಕಡಿಮೆ 22 ನಿಮಿಷ, 33,000 ಫ್ರೇಮು. ಎರಡು ಕ್ಯಾಮೆರಾದ ರಷಸ್ ಬರುತ್ತದೆ. ಧ್ವನಿ ಹೊಂದಿಸಬೇಕು, ಕೆಟ್ಟ ಟೇಕು ಬಿಡಬೇಕು, ಮಾತಿನ ಮಧ್ಯೆ ನುಗ್ಗಿದ ಲಾರಿ ಹಾರ್ನು ತೆಗೆಯಬೇಕು. ಕಣ್ಣೀರು ಒಂದು ಶಾಟಿನಲ್ಲಿ ಬಲಗೆನ್ನೆಯ ಮೇಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ದಾರಿ ಹುಡುಕಬೇಕು. ಇದೆಲ್ಲ ಕೈಕೆಲಸ, ಅಭ್ಯಾಸದಿಂದ ಬರುತ್ತದೆ. ಅಭ್ಯಾಸದಿಂದ ಬಾರದ್ದು, ಎಲ್ಲಿ ಬಿಡಬೇಕು ಎಂಬುದು. ಮಾತು ಮುಗಿದ ಮೇಲೆ ಆ ಮುಖದ ಮೇಲೆ 8 ಫ್ರೇಮು ನಿಲ್ಲಬೇಕೋ 20 ಫ್ರೇಮು ನಿಲ್ಲಬೇಕೋ? ನಟಿ ರೆಪ್ಪೆ ಮಿಟುಕಿಸುವ ಮೊದಲು ಕತ್ತರಿಸಿದರೆ ಒಂದು ಅರ್ಥ, ಮಿಟುಕಿಸಿದ ಮೇಲೆ ಇನ್ನೊಂದು. ಇದನ್ನು ಎದೆಯಿಂದ ಅಳೆಯಬೇಕು. ಕೆಲಸದ ಹದಿನಾಲ್ಕನೇ ಗಂಟೆಯಲ್ಲಿ ಎದೆ ಅಳತೆ ತಪ್ಪುತ್ತದೆ.

ನಮಗೆ ಮುಂಚೆ ಎರಡು ಎಕರೆ ರಾಗಿ ಹೊಲ ಇತ್ತು. ಕಣದಲ್ಲಿ ರಾಗಿ ತೂರುವಾಗ ಅಪ್ಪ ಮೊರ ಹಿಡಿದು ಗಾಳಿಗೆ ಕಾಯುತ್ತಿದ್ದ. ಗಾಳಿ ಇಲ್ಲದಾಗ ತೂರಿದರೆ ಜೊಳ್ಳೂ ಕಾಳೂ ಒಂದೇ ಕಡೆ ಬೀಳುತ್ತವೆ. ಒಮ್ಮೊಮ್ಮೆ ಮಧ್ಯಾಹ್ನವೆಲ್ಲ ಕಾದು ಮೋಡ ಸರಿದ ಮೇಲೆ ತೂರಿದ್ದುಂಟು. ಸಂಕಲನದಲ್ಲೂ ಗಾಳಿಗೆ ಕಾಯುವ ಹೊತ್ತು ಒಂದಿದೆ. ಇವತ್ತು ಜೋಡಿಸಿಟ್ಟು ಹೋಗಿ ಮಲಗಿ ನಾಳೆ ಬೆಳಿಗ್ಗೆ ಬಂದು ನೋಡಿದರೆ ಜೊಳ್ಳು ತಾನಾಗಿಯೇ ಕಾಣುತ್ತದೆ. ನಿನ್ನೆ ಅಳು ಬರಿಸಿದ ಜಾಗ ಇವತ್ತು ಉದ್ದ ಅನ್ನಿಸುತ್ತದೆ. ನಿನ್ನೆ ಬಿಟ್ಟುಬಿಟ್ಟಿದ್ದ ಒಂದು ನೋಟ ಇವತ್ತು ಕೈ ಹಿಡಿದು ಎಳೆಯುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸ್ಟುಡಿಯೋದಲ್ಲಿ ಬೀಟಾಕ್ಯಾಮ್ ಟೇಪು ಪೂರ್ತಿ ಹೋಗಿರಲಿಲ್ಲ. ಟೇಪಿನಲ್ಲಿ ಮಧ್ಯದ ಒಂದು ಶಾಟಿನ ಉದ್ದ ಬದಲಿಸಿದರೆ ಅದರ ಮುಂದಿನದನ್ನೆಲ್ಲ ಮತ್ತೆ ಹಾಕಬೇಕು. ಹಾಗಾಗಿ ಹಿರಿಯರು ಗುಂಡಿ ಒತ್ತುವ ಮೊದಲು ಸುಮ್ಮನೆ ಕೂತು ಯೋಚಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಬದಲಿಸುವುದು ಕ್ಷಣದ ಕೆಲಸವಾಯಿತು. ಅದರಿಂದ ಉಳಿದ ಸಮಯ ಯೋಚನೆಗೆ ಸಿಗುತ್ತದೆ ಎಂದುಕೊಂಡಿದ್ದೆವು. ಅದು ಹೋಗಿ ಸೇರಿದ್ದು ಕೊನೆಯ ಗಳಿಗೆಯ ತಿದ್ದುಪಡಿಗಳಿಗೆ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಸಂಚಿಕೆಗಳೂ ಹೆಚ್ಚುಕಡಿಮೆ ನಮ್ಮಷ್ಟೇ ಉದ್ದ. 1980ರ ದಶಕದ ಆ ಸಂಚಿಕೆಗಳನ್ನು ಇವತ್ತು ಹಾಕಿ ನೋಡಿ. ಪುಟ್ಟ ಹುಡುಗ ಸ್ವಾಮಿ ಏನೂ ಮಾಡದೆ ಯೋಚಿಸುವ ಹೊತ್ತು ಅಲ್ಲಿ ಎಷ್ಟೊಂದು ಇದೆ! ಅದು ವಾರದ ಧಾರಾವಾಹಿ, ನಮ್ಮದು ದಿನದ್ದು, ನಿಜ. ಆದರೆ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ದಿನದ ಧಾರಾವಾಹಿಯೇ. ಮನೆಮಂದಿ ಕೂತು ಮಾತಾಡುವ ಕಥೆಗೆ ಕನ್ನಡಿಗರು ಕಾದು ಕೂತಿದ್ದರು.

ಬ್ಯಾಂಕಿಂಗ್ ವಿಷಯಕ್ಕೆ ಬರುತ್ತೇನೆ, ಈ ಅವಸರದ ರೋಗದ ಬೇರು ಇರುವುದು ಅಲ್ಲಿ. ಸಂಚಿಕೆಗಳನ್ನು ಮುಂಚಿತವಾಗಿ ಮಾಡಿ ಇಟ್ಟುಕೊಳ್ಳುವುದಕ್ಕೆ ನಾವು ಬ್ಯಾಂಕ್ ಎನ್ನುತ್ತೇವೆ. 2020ರ ಮಾರ್ಚಿನಲ್ಲಿ ಚಿತ್ರೀಕರಣ ನಿಂತಾಗ ಅದು ಎಷ್ಟು ತೆಳುವಾಗಿತ್ತು ಎಂದು ನಾಡಿಗೇ ಗೊತ್ತಾಯಿತು. ಹೊಸ ಸಂಚಿಕೆಗಳು ಬೇಗನೆ ಬರಿದಾಗಿ ಹಳೆಯವು ಮತ್ತೆ ಬಂದವು. ಅದರಿಂದ ನಾವು ಪಾಠ ಕಲಿಯಲಿಲ್ಲ. ಗುರುವಾರ ಎಷ್ಟು ಜನ ನೋಡಿದರು ಎಂಬ ಬಾರ್ಕ್ ಅಂಕಿ ಬರುತ್ತದೆ, ಶುಕ್ರವಾರ ಕಥೆಯ ದಾರಿ ತಿರುಗುತ್ತದೆ, ಶನಿವಾರ ಬರೆದದ್ದನ್ನು ಸೋಮವಾರ ಚಿತ್ರಿಸಿ ಮಂಗಳವಾರ ಬಿಡಬೇಕು. ಅಂಕಿ ಬೇಡ ಎನ್ನುತ್ತಿಲ್ಲ. ನೂರಾರು ಮಂದಿಯ ಅನ್ನ ಅದರ ಮೇಲೆ ನಿಂತಿದೆ, ನನ್ನದೂ ಸೇರಿ. ಆದರೆ ತಿರುವಿಗೂ ಒಂದು ರಾತ್ರಿಯ ಜಾಗ ಬೇಕು.

ಆ ರಾತ್ರಿ ಇಲ್ಲದೆ ನಾನು ಮಾಡಿದ ತಪ್ಪನ್ನೂ ಇಲ್ಲಿ ಹೇಳಬೇಕು. ಒಂದು ಧಾರಾವಾಹಿಯಲ್ಲಿ ಗಂಡ ತೀರಿಕೊಂಡ ಹೆಣ್ಣಿನ ದೃಶ್ಯ. ಸಾಲುವ ರಿಯಾಕ್ಷನ್ ಇಲ್ಲ ಎಂದು ಹಳೆಯ ದೃಶ್ಯಗಳ ಬಿನ್‌ನಿಂದ ಒಂದು ಕ್ಲೋಸಪ್ ತಂದು ಹಾಕಿದೆ. ಬೆಳಿಗ್ಗೆ ಆರರಿಂದ ಕೂತಿದ್ದ ಕಣ್ಣಿಗೆ ಆ ಹಣೆಯ ಕುಂಕುಮ ಕಾಣಲಿಲ್ಲ. ಒಪ್ಪಿಗೆ ಕೊಟ್ಟವರಿಗೂ ಕಾಣಲಿಲ್ಲ. ಪ್ರಸಾರವಾದ ಮೇಲೆ ಊರಿನ ಒಬ್ಬ ಹೆಂಗಸು, ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದವರು, ಅವ್ವನ ಹತ್ತಿರ ಬಂದು ಅದನ್ನೇ ಹೇಳಿದರಂತೆ. ಸಿಟ್ಟು ಮಾಡಲಿಲ್ಲ. ಅವ್ವನಿಗೆ ತೋರಿಸಬೇಕೆಂದು ತಮ್ಮ ಹಣೆಯ ಮೇಲೆ ಬೆರಳಿಟ್ಟರಂತೆ, ಅಷ್ಟೆ. ಆ ಬೆರಳನ್ನು ನಾನು ಇವತ್ತಿಗೂ ಮರೆತಿಲ್ಲ.

ದಣಿದ ಕಣ್ಣಿಗೆ ಬದಲಿ ನಮ್ಮಲ್ಲಿಲ್ಲ. ನಮ್ಮೂರಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿದರೆ ಮುಂದಿನ ಪಾಳಿಯವನು ಬಂದು ಯಂತ್ರದ ಮುಂದೆ ನಿಲ್ಲುತ್ತಾನೆ. ಮೇಲೆ ದುಡಿದರೆ ಓಟಿ ಇದೆ, ಕೈಯಲ್ಲಿ ನೇಮಕದ ಪತ್ರವಿದೆ. ಸಿನಿಮಾ ಕಾರ್ಮಿಕರಿಗೆಂದು 1981ರಲ್ಲಿ ಒಂದು ಕಾಯ್ದೆ ಬಂತು. ಅದು ಹಿಡಿದದ್ದು ಕಥಾಚಿತ್ರಗಳನ್ನು, ಧಾರಾವಾಹಿ ಅದರ ಆಚೆ ಉಳಿಯಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಟಿವಿ ಮತ್ತು ವೆಬ್ ಸರಣಿಯವರನ್ನೂ ಸೇರಿಸಿಕೊಂಡು, ಲಿಖಿತ ಒಪ್ಪಂದವಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎನ್ನುತ್ತದೆ. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಈ 22 ವರ್ಷದಲ್ಲಿ ನಾನು ಅಂಥ ಒಂದು ಕಾಗದಕ್ಕೂ ಸಹಿ ಹಾಕಿಲ್ಲ. ಫೋನಿನಲ್ಲೇ ಕರೆ, ಫೋನಿನಲ್ಲೇ ಲೆಕ್ಕ.

ಈಚೆಗೆ ನಮ್ಮೂರಿನ ಹುಡುಗರು ಮೊಬೈಲ್ ಹಿಡಿದು ಬರುತ್ತಾರೆ. 'ಕೆಜಿಎಫ್ ಚಾಪ್ಟರ್ 2' ಸಂಕಲನ ಮಾಡುವಾಗ ಉಜ್ವಲ್ ಕುಲಕರ್ಣಿ ಇನ್ನೂ ಹದಿಹರೆಯದ ಹುಡುಗನಾಗಿದ್ದ ಎಂದು ಓದಿದ್ದಾರೆ. 'ಬಾಂಬೆ' ಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸುರೇಶ್ ಅರಸ್ ಅವರ ಹೆಸರನ್ನು ನಾನು ಹೇಳುತ್ತೇನೆ. ಒಬ್ಬ ಹುಡುಗಿ ಜಾತ್ರೆಯ ವಿಡಿಯೋ ಎಡಿಟ್ ಮಾಡಿ ತೋರಿಸಿದಳು. ತೇರು ಎಳೆಯುವುದನ್ನು ಬಿಟ್ಟು, ತೇರು ಹೋದ ಮೇಲೆ ನೆಲದಲ್ಲಿ ಬಿದ್ದ ಬಾಳೆಹಣ್ಣು ಆಯುವ ಮುದುಕನ ಮೇಲೆ ಆರು ಸೆಕೆಂಡು ನಿಂತಿದ್ದಾಳೆ. ಯಾರೂ ಹೇಳಿಕೊಟ್ಟಿಲ್ಲ. ಅಣ್ಣಾ, ನಾನೂ ಸೀರಿಯಲ್ ಎಡಿಟಿಂಗಿಗೆ ಬರ್ಲಾ ಎಂದು ಕೇಳಿದಳು. ಬಾ ಎನ್ನುವ ಆಸೆ ಗಂಟಲವರೆಗೆ ಬಂತು. ಆ ಆರು ಸೆಕೆಂಡನ್ನು ಅವಳಿಂದ ಯಾರು ಕಿತ್ತುಕೊಳ್ಳುತ್ತಾರೆ, ಎಷ್ಟು ಗಂಟೆಗೆ ಎಂಬುದು ನನಗೆ ಗೊತ್ತು. ಪಿಯುಸಿ ಮುಗಿಸು, ಆಮೇಲೆ ನೋಡೋಣ ಎಂದೆ.

ಹೋದ ಭಾನುವಾರ ಅವ್ವನಿಗೆ ಆ ಶಾಟ್ ಬಗ್ಗೆ ಹೇಳಿದೆ. ಬಾಯಲ್ಲಿ ಹೇಳಿದರೆ ಸಾಲದು ಎನ್ನಿಸಿ, ನಮ್ಮದೇ ಅಡುಗೆಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ಎತ್ತಿ, ನೋಡಿ, ಸದ್ದಾಗದ ಹಾಗೆ ಮುಚ್ಚಿ ತೋರಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಉಣ್ಣಲಿಲ್ಲ ಹಂಗಾದ್ರೆ," ಎಂದಳು. ಆಮೇಲೆ, "ಅದನ್ಯಾಕಪ್ಪಾ ತೆಗೆದ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿದ್ದರೆ ತಿಳಿಸಿ, ಅವಳಿಗೆ ಹೇಳುತ್ತೇನೆ. ನಾಳೆ ಬೆಳಿಗ್ಗೆ ದಾಬಸ್‌ಪೇಟೆಯಲ್ಲಿ ಮೊದಲ ಬಸ್ಸು ಹಿಡಿದು ಹೊರಡುತ್ತೇನೆ. ಮಂಗಳವಾರ ಪ್ರಸಾರವಾಗಬೇಕಾದ ಸಂಚಿಕೆಯ ಚಿತ್ರೀಕರಣ ಇನ್ನೂ ಆಗಿಲ್ಲ.

ಇತಿ ನಿಮ್ಮ,
ಒಬ್ಬ ಸಂಕಲನಕಾರ
ಸೋಂಪುರ, ನೆಲಮಂಗಲ ತಾಲ್ಲೂಕು